ಖಾಲಿ ಸಾಲಿಗೆ ರಾಜನೇ ಬರಬೇಕು

ಜೂನ್ 30, 2024, ರವಿವಾರ
ಬೆಟ್ಟದ ಮೇಲಿನಿಂದ

ಅವ್ವ,

ಬಂದು ಐದು ದಿನವಾಯಿತು. ಚೆನ್ನಾಗಿದ್ದೇನೆ. ಇಲ್ಲಿ ಫೋನು ಹಿಡಿಯುವುದಿಲ್ಲ. ರೇಡಿಯೋ ಇದೆ, ಅದು ಕೆಲಸಕ್ಕೆ ಮಾತ್ರ. ಹದಿನೈದು ದಿನಕ್ಕೊಮ್ಮೆ, ಮಂಗಳವಾರ, ಒಬ್ಬಾತ ಹೇಸರಗತ್ತೆಗಳ ಮೇಲೆ ಅಕ್ಕಿ, ಬೇಳೆ, ಟಪಾಲು ಹೇರಿಕೊಂಡು ಬರುತ್ತಾನೆ. ನಾನು ಬರೆದದ್ದನ್ನು ಬೆಟ್ಟ ಹತ್ತಲು ಬರುವವರ ಕೈಯಲ್ಲಿ ಕೊಟ್ಟರೆ ಕೆಳಗಿನ ಊರಿನ ಅಂಚೆ ಡಬ್ಬಿಗೆ ಹಾಕುತ್ತಾರಂತೆ. ಇದನ್ನು ಹಾಗೇ ಕಳಿಸುತ್ತಿದ್ದೇನೆ.

ನನ್ನ ಮನೆ ಎಂದರೆ ಒಂದೇ ಕೋಣೆ, ಹದಿನಾಲ್ಕು ಹೆಜ್ಜೆ ಉದ್ದ, ಅಷ್ಟೇ ಅಗಲ. ನಾಲ್ಕೂ ಕಡೆ ಗೋಡೆಯ ಬದಲು ಗಾಜು. ನಡುವೆ ದಿಕ್ಕು ಅಳೆಯುವ ಒಂದು ದುಂಡನೆಯ ಉಪಕರಣ. ಹದಿನೈದು ನಿಮಿಷಕ್ಕೊಮ್ಮೆ ಎದ್ದು ನಾಲ್ಕೂ ದಿಕ್ಕಿಗೆ ಕಣ್ಣಾಡಿಸಬೇಕು. ಸುತ್ತಲಿನ ಕಾಡಿನಲ್ಲಿ ಎಲ್ಲಾದರೂ ಹೊಗೆ ಕಂಡರೆ ಅದು ಯಾವ ದಿಕ್ಕು, ಎಷ್ಟು ದೂರ ಎಂದು ಅಳೆದು ರೇಡಿಯೋದಲ್ಲಿ ಹೇಳಬೇಕು. ನನಗೆ ಈ ಕೆಲಸ ಬರುತ್ತದೆ ಅವ್ವ. ಮೊದಲ ದಿನವೇ ಗೊತ್ತಾಯಿತು.

ಮೇಜಿನ ಖಾನೆಯಲ್ಲಿ ಒಂದು ಇಸ್ಪೀಟು ಕಟ್ಟು ಸಿಕ್ಕಿತು. ಹಿಂದೆ ಇದ್ದವರು ಬಿಟ್ಟು ಹೋಗಿರಬೇಕು. ನಾನು ಸಣ್ಣವಳಿದ್ದಾಗ ನೀನು ಕಂಪ್ಯೂಟರಿನಲ್ಲಿ ಒಬ್ಬಳೇ ಒಂದು ಆಟ ಆಡುತ್ತಿದ್ದೆಯಲ್ಲ, ಏಳು ಸಾಲು ಇರುತ್ತಿತ್ತು. ಅದನ್ನು ಕಲಿಸು. ಕನ್ನಡದಲ್ಲೇ ಬರಿ ಎಂದು ನೀನು ಹೇಳಿದ್ದಕ್ಕೆ ಬರೆಯುತ್ತಿದ್ದೇನೆ, ಅಬ್ಯಾಸ ತಪ್ಪಿದೆ.

ನಾನು ಹೊರಟಾಗ ನೀನು ಬಾಗಿಲಿಗೆ ಬರಲಿಲ್ಲ. ಅಪ್ಪ ದಾರಿಯುದ್ದಕ್ಕೂ ಹವೆಯ ಬಗ್ಗೆ ಮಾತಾಡಿದರು.

ನಿನ್ನ,
ಮೈತ್ರಿ


ಜುಲೈ 9, ಮಂಗಳವಾರ
ಕರ್ಕ್‌ಲ್ಯಾಂಡ್

ಮೈತ್ರಿಗೆ,

‘ಅಭ್ಯಾಸ’ಕ್ಕೆ ಮಹಾಪ್ರಾಣ ಬೇಕು. ಉಳಿದದ್ದೆಲ್ಲ ಸರಿಯಾಗಿ ಬರೆದಿದ್ದೀ. ಒಂಬತ್ತು ವರ್ಷಕ್ಕೆ ಗದಗ ಬಿಟ್ಟು ಈ ದೇಶಕ್ಕೆ ಬಂದವಳು ಇಷ್ಟು ಬರೆದದ್ದು ಕಡಿಮೆಯಲ್ಲ.

ಈಗ ಆಟ. ಗಮನ ಕೊಟ್ಟು ಓದು, ಇನ್ನೊಂದು ಪತ್ರ ಬರಲು ಹದಿನೈದು ದಿನ ಬೇಕು.

ಮೊದಲು ಎಲೆಗಳನ್ನು ಕಲೆಸು. ಎಡದಿಂದ ಏಳು ಸಾಲು ಹಾಕು: ಮೊದಲನೆಯದರಲ್ಲಿ ಒಂದು ಎಲೆ, ಎರಡನೆಯದರಲ್ಲಿ ಎರಡು, ಹೀಗೆ ಏಳನೆಯದರಲ್ಲಿ ಏಳು. ಪ್ರತಿ ಸಾಲಿನ ಕೊನೆಯ ಎಲೆ ಮಾತ್ರ ಮುಖ ಮೇಲಾಗಿರಬೇಕು, ಉಳಿದವು ಬೋರಲು. ಇಪ್ಪತ್ತೆಂಟು ಎಲೆ ಹೋದವು, ಕೈಯಲ್ಲಿ ಇಪ್ಪತ್ನಾಲ್ಕು ಉಳಿದವು. ಸಾಲಿನಲ್ಲಿ ಎಲೆಯ ಮೇಲೆ ಎಲೆ ಇಡುವಾಗ ಒಂದೊಂದೇ ಇಳಿಯಬೇಕು, ಬಣ್ಣ ಬದಲಾಗಬೇಕು. ಕರಿ ಹತ್ತರ ಮೇಲೆ ಕೆಂಪು ಒಂಬತ್ತು, ಅದರ ಮೇಲೆ ಕರಿ ಎಂಟು. ಮೇಲಿನ ಎಲೆ ಹೋದರೆ ಅದರ ಕೆಳಗೆ ಬೋರಲಿದ್ದದ್ದನ್ನು ತಿರುವಿ ಇಡು. ಎಕ್ಕ ಸಿಕ್ಕರೆ ತೆಗೆದು ಸಾಲುಗಳ ಮೇಲ್ಗಡೆ ಬೇರೆಯಾಗಿ ಇಡು. ಅದರ ಮೇಲೆ ಅದೇ ಜಾತಿಯ ಎರಡು, ಮೂರು ಎಂದು ರಾಜನವರೆಗೆ ಏರಿಸು. ಆಟಿನ್, ಡೈಮಂಡ್, ಕಳಾವರ್, ಇಸ್ಪೀಟ್ ನಾಲ್ಕೂ ರಾಜನಿಗೆ ಮುಟ್ಟಿದರೆ ಗೆದ್ದಂತೆ. ಸಾಲಿನಲ್ಲಿ ಏನೂ ನಡೆಯದಾಗ ಕೈಯಲ್ಲಿರುವ ಕಟ್ಟಿನಿಂದ ಒಂದೊಂದು ಎಲೆ ತಿರುವು.

ಇದು ನನಗೆ ಮೌಸ್ ಹಿಡಿಯಲು ಕಲಿಸಿದ ಆಟ. 1996ರಲ್ಲಿ ಗದಗಿನ ಕಂಪ್ಯೂಟರ್ ಸೆಂಟರಿನಲ್ಲಿ ಮೊದಲ ವಾರ ನಮ್ಮ ಸರ್ ಬೇರೆ ಏನನ್ನೂ ಕಲಿಸಲಿಲ್ಲ. “ಎಲಿ ಎಳೀರಿ, ಎಲಿ ಬಿಡ್ರಿ, ಕೈ ತಾನ ಕಲೀತದ” ಎನ್ನುತ್ತಿದ್ದರು. ಎರಡನೆಯ ದಿನಕ್ಕೆ ನಾನು ಗೆದ್ದೆ. ಇಡೀ ಬ್ಯಾಚಿನಲ್ಲಿ ಮೊದಲು ಗೆದ್ದವಳು ನಾನು.

ಬಾಗಿಲಿಗೆ ಬರಲಿಲ್ಲ ಎಂದು ಬರೆದಿದ್ದೀ. ಒಲೆಯ ಮೇಲೆ ಹಾಲಿತ್ತು.

ಇಲ್ಲಿ ಎಲ್ಲ ಎಂದಿನಂತೆ. ಆಫೀಸು ನಡೆದಿದೆ. ಅಪ್ಪ ಚಟ್ನಿಪುಡಿ ಕಳಿಸಿದ್ದಾರೆ.

ಅವ್ವ


ಜುಲೈ 21, ರವಿವಾರ

ಅವ್ವ,

ಐದು ದಿನದಲ್ಲಿ ಮೂವತ್ತೊಂದು ಆಟ ಆಡಿದೆ. ನಾಲ್ಕು ಗೆದ್ದೆ. ಆದರೆ ಗೆದ್ದದ್ದು ನಿಜವೋ ಅಲ್ಲವೋ ಗೊತ್ತಿಲ್ಲ, ಏಕೆಂದರೆ ನಿನ್ನ ನಿಯಮದಲ್ಲಿ ಒಂದು ಬಿಟ್ಟುಹೋಗಿದೆ. ಒಂದು ಸಾಲು ಪೂರಾ ಖಾಲಿಯಾದರೆ ಅಲ್ಲಿ ಏನು ಇಡಬೇಕು? ನಾನು ಕೈಗೆ ಬಂದದ್ದನ್ನು ಇಟ್ಟೆ, ಆಟ ಸಲೀಸಾಗಿ ನಡೆಯಿತು. ಇಷ್ಟು ಸಲೀಸಾಗಿ ನಡೆದದ್ದರಿಂದಲೇ ಸಂಶಯ. ಇನ್ನೊಂದು: ನೀನು ‘ಕಲೆಸು’ ಎಂದು ಒಂದೇ ಮಾತಿನಲ್ಲಿ ಬರೆದಿದ್ದೀ. ಹೇಗೆ ಕಲೆಸುವುದು? ನಾನು ಮೇಜಿನ ಮೇಲೆ ಹರಡಿ, ಅವಲಕ್ಕಿಗೆ ಒಗ್ಗರಣೆ ಕಲೆಸಿದಂತೆ ಎರಡೂ ಕೈಯಲ್ಲಿ ಕಲೆಸುತ್ತೇನೆ.

ಗುರುವಾರ ಮೊದಲ ಗುಡುಗು ಸಿಡಿಲು. ಇಲ್ಲಿ ಒಂದು ಮಣೆ ಇದೆ, ಅದರ ನಾಲ್ಕು ಕಾಲಿಗೂ ದಪ್ಪ ಗಾಜಿನ ಬಟ್ಟಲು. ಸಿಡಿಲಿನ ವಿದ್ಯುತ್ತು ಮೈಗೆ ಹರಿಯದಿರಲೆಂದು ಅದು ಹತ್ತಿರ ಬಂದಾಗ ಈ ಮಣೆಯ ಮೇಲೆ ಕೂಡಬೇಕು. ಕುಳಿತೆ, ಕಾಲು ಮೇಲೆತ್ತಿ, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಸಿಡಿಲು ಬಿದ್ದ ಕಡೆಗಳನ್ನೆಲ್ಲ ಗುರುತು ಮಾಡಿದೆ. ಹನ್ನೊಂದು ಕಡೆ. ಮಾರನೆಯ ದಿನ ಆ ಹನ್ನೊಂದನ್ನೂ ಹೊತ್ತು ಮುಳುಗುವವರೆಗೆ ನೋಡಿದೆ. ಯಾವುದೂ ಹೊಗೆಯಾಡಲಿಲ್ಲ. ಹೆದರಲಿಲ್ಲ. ಸ್ವಲ್ಪ ಹೆದರಿದೆ, ಆದರೆ ಒಂದು ಗುರುತೂ ತಪ್ಪಲಿಲ್ಲ.

ಹಾಲಿನ ಒಲೆ ಬಾಗಿಲಿನಿಂದ ಆರು ಹೆಜ್ಜೆ.

ಮೈತ್ರಿ


ಜುಲೈ 26, ಶುಕ್ರವಾರ
ಕರ್ಕ್‌ಲ್ಯಾಂಡ್

ಮೈತ್ರಿಗೆ,

ಖಾಲಿ ಸಾಲಿಗೆ ರಾಜನೇ ಬರಬೇಕು. ಬೇರೆ ಯಾವ ಎಲೆಯೂ ಇಡುವ ಹಾಗಿಲ್ಲ. ರಾಜ ಸಿಗದಿದ್ದರೆ ಆ ಜಾಗ ಹಾಗೇ ಇರಲಿ, ಸಿಗುವವರೆಗೆ ಕಾಯು. ನಿನ್ನ ನಾಲ್ಕು ಗೆಲುವೂ ಲೆಕ್ಕಕ್ಕಿಲ್ಲ.

ಇದನ್ನು ಬರೆಯದೆ ಬಿಟ್ಟದ್ದು ನನ್ನ ತಪ್ಪು. ಕಂಪ್ಯೂಟರಿನಲ್ಲಿ ಆಡುವಾಗ ಅದನ್ನು ನೆನಪಿಡುವ ಅಗತ್ಯವೇ ಇರಲಿಲ್ಲ. ತಪ್ಪು ಎಲೆ ಎಳೆದರೆ ಅದು ತಾನೇ ಹಿಂದಕ್ಕೆ ಓಡುತ್ತಿತ್ತು. ಕಲೆಸುವುದನ್ನೂ ಅದೇ ಮಾಡುತ್ತಿತ್ತು. ನಿನ್ನ ಪತ್ರ ಓದಿದ ಮೇಲೆ ಹೊಳೆಯಿತು, ನಾನು ಇಷ್ಟು ವರ್ಷದಲ್ಲಿ ನಿಜವಾದ ಇಸ್ಪೀಟು ಎಲೆಯನ್ನು ಕೈಯಲ್ಲಿ ಹಿಡಿದೇ ಇಲ್ಲ. ಔಷಧ ಅಂಗಡಿಯಿಂದ ಒಂದು ಕಟ್ಟು ತಂದೆ. ಲೈಬ್ರರಿಯಲ್ಲಿ ಮೂಲೆಯ ಮೇಜು ಹಿಡಿದು ಕಲೆಸಲು ಹೋದೆ, ಅರ್ಧ ಎಲೆ ನೆಲಕ್ಕೆ.

ಎದುರಿಗೆ ಪೇಪರು ಓದುತ್ತಿದ್ದ ಒಬ್ಬ ಹಿರಿಯರು ಬಗ್ಗಿ ಎತ್ತಿಕೊಟ್ಟರು. ಮಂಡ್ಯದವರು, ಶಾಮಣ್ಣ ಎಂದು ಹೆಸರು, ಮಗನ ಮನೆಗೆ ಆರು ತಿಂಗಳಿಗೆ ಬಂದಿದ್ದಾರೆ. ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರಂತೆ.

“ಹಂಗಲ್ಲ ಕಣಮ್ಮ, ಅಷ್ಟು ಬಿಗಿ ಹಿಡ್ಕೊಂಡ್ರೆ ಎಲೆ ಎಲ್ಲಿ ಹೋಯ್ತದೆ? ಸಡ್ಲ ಬಿಡಿ. ಅರ್ಧರ್ಧ ಮಾಡ್ಕೊಳಿ. ಹೆಬ್ಬೆಟ್ಟಲ್ಲಿ ಮೂಲೆ ಎತ್ತಿ, ಹಂಗೇ ಬಿಡ್ತಾ ಹೋಗಿ.”

“ನಿಮಗ ಭಾಳ ಅಭ್ಯಾಸ ಐತೇನ್ರಿ?” ಎಂದೆ.

“ಮೂವತ್ತೊಂದು ವರ್ಷ ಟಿಕೆಟ್ ಹರ್ದಿದೀನಿ. ಬೆರಳು ಸುಮ್ನೆ ಕೂರಲ್ಲ.”

ಮರುದಿನವೂ ಕಲಿಸಿದರು, ಅದರ ಮರುದಿನವೂ. ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಬಂದುಬಿಡುತ್ತಾರೆ. ಈಗ ನನಗೆ ಎಲೆ ಬೀಳಿಸದೆ ಕಲೆಸಲು ಬರುತ್ತದೆ. ಅವರು ಹೇಳಿದ ಹಾಗೇ ಮಾಡು: ಅರ್ಧರ್ಧ ಮಾಡಿ, ಮೂಲೆ ಮೂಲೆಗೆ ತಾಗಿಸಿ, ಹೆಬ್ಬೆರಳನ್ನು ನಿಧಾನ ಸಡಿಲಿಸು. ಏಳು ಸಲ ಮಾಡು.

ನಿನ್ನೆ ಕೆಂಪು ಹತ್ತರ ಮೇಲೆ ಕೆಂಪು ಒಂಬತ್ತು ಇಟ್ಟು ಆಡುತ್ತಲೇ ಹೋದೆ. ಎಷ್ಟೋ ಹೊತ್ತಿಗೆ ಕಂಡಿತು. ಯಾರೂ ತಡೆಯುವುದಿಲ್ಲ, ಎಲೆ ಸುಮ್ಮನೆ ಅಲ್ಲೇ ಕುಳಿತಿರುತ್ತದೆ. ಎಲ್ಲ ಎತ್ತಿ ಮತ್ತೆ ಹಾಕಿದೆ.

ಸಿಡಿಲಿನ ದಿನ ಆ ಮಣೆಯ ಮೇಲೆ ಎಷ್ಟು ಹೊತ್ತು ಕುಳಿತಿದ್ದೆ? ಅದನ್ನು ಬರೆದಿಲ್ಲ.

ಅವ್ವ


ಆಗಸ್ಟ್ 3, ಶನಿವಾರ

ಅವ್ವ,

ಎರಡು ತಾಸು ಕುಳಿತಿದ್ದೆ.

ಸುದ್ದಿ ಎರಡು. ಬುಧವಾರ ಮಧ್ಯಾಹ್ನ ನನ್ನ ಮೊದಲ ಹೊಗೆ. ನೈಋತ್ಯದಲ್ಲಿ, ಎರಡು ದಿಬ್ಬಗಳ ಆಚೆ, ಸಣ್ಣ ಬಿಳಿ ಎಳೆ. ಮಂಜೂ ಹಾಗೇ ಕಾಣುತ್ತದೆ, ಆದರೆ ಮಂಜು ಹರಡುತ್ತದೆ, ಇದು ಒಂದೇ ಕಡೆಯಿಂದ ಏಳುತ್ತಿತ್ತು. ದಿಕ್ಕು ಅಳೆದು ಹೇಳಿದೆ. ಸಂಜೆಗೆ ಆರಿಸಿದರು. ಒಂದು ಮರ ಮಾತ್ರ ಸುಟ್ಟಿತ್ತಂತೆ. ಎರಡನೆಯದು, ರಾಜನ ನಿಯಮ ಇಟ್ಟುಕೊಂಡು ಆಡಿ ನಿನ್ನೆ ಗೆದ್ದೆ. ಹತ್ತೊಂಬತ್ತನೆಯ ಆಟದಲ್ಲಿ. ಇದು ಲೆಕ್ಕಕ್ಕಿದೆ.

ಈಗ ಒಂದು ಮಾತು ಕೇಳುತ್ತೇನೆ. ಶಾಮಣ್ಣ ಅವರು ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತಾರೆ. ಮೂರು ದಿನ ಸಾಲಾಗಿ ಕಲಿಸಿದರು. ನಿನ್ನ ಪತ್ರ ಶುಕ್ರವಾರದ್ದು. ಅಂದರೆ ವಾರದ ನಡುವೆ, ಹನ್ನೊಂದು ಗಂಟೆಗೆ, ನೀನು ಲೈಬ್ರರಿಯಲ್ಲಿದ್ದೆ. ಹನ್ನೊಂದು ಗಂಟೆಗೆ ನಿನಗೆ ಮೀಟಿಂಗ್ ಇರುತ್ತದೆ. ನನಗೆ ಜ್ವರ ಬಂದಾಗಲೂ ಇರುತ್ತಿತ್ತು.

ಕೆಲಸ ಏನಾಯಿತು ಅವ್ವ?

ಹೇಳಲು ಮನಸ್ಸಿಲ್ಲದಿದ್ದರೆ ಬಿಡು. ಆದರೆ ‘ಎಲ್ಲ ಎಂದಿನಂತೆ’ ಎಂದು ಇನ್ನೊಂದು ಸಲ ಬರೆಯಬೇಡ. ದೂರದಿಂದ ನೋಡುವುದೇ ಇಲ್ಲಿ ನನ್ನ ಕೆಲಸ.

ಮೈತ್ರಿ


ಆಗಸ್ಟ್ 14, ಬುಧವಾರ

ಅವ್ವ,

ನಿನ್ನೆ ಹೇಸರಗತ್ತೆಯವ ಬಂದ. ಅಕ್ಕಿ, ಬೇಳೆ, ಅಪ್ಪ ಕಳಿಸಿದ ಕಾಲುಚೀಲ. ನಿನ್ನ ಪತ್ರ ಇರಲಿಲ್ಲ. ಚೀಲವನ್ನು ಎರಡು ಸಲ ಝಾಡಿಸಿ ನೋಡಿದೆ.

ಉತ್ತರದ ಕಡೆ ದೊಡ್ಡ ಬೆಂಕಿ ಎದ್ದಿದೆ, ಇಲ್ಲಿಂದ ನಲವತ್ತು ಮೈಲಿ. ನಾಲ್ಕು ದಿನದಿಂದ ಎಲ್ಲ ಬೂದಿ ಬಣ್ಣ. ಹತ್ತಿರದ ದಿಬ್ಬವೂ ಕಾಣುವುದಿಲ್ಲ. ಇಳಿದು ಬರುತ್ತೀಯಾ ಎಂದು ರೇಡಿಯೋದಲ್ಲಿ ಕೇಳಿದರು. ಗಾಳಿ ತಿರುಗಿದ ಕೂಡಲೇ ಯಾರಾದರೂ ನೋಡಲೇಬೇಕಲ್ಲ, ಇರುತ್ತೇನೆ ಎಂದೆ. ಟೀವಿಯಲ್ಲಿ ನೋಡಿ ಗಾಬರಿಯಾಗಬೇಡಿ. ಬೆಂಕಿ ನನ್ನ ಕಡೆಗಿಲ್ಲ.

ನಾನು ಹಾಗೆ ಕೇಳಬಾರದಿತ್ತೇನೋ. ಆದರೂ ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಮೈತ್ರಿ


ಆಗಸ್ಟ್ 19, ಸೋಮವಾರ
ಕರ್ಕ್‌ಲ್ಯಾಂಡ್

ಮೈತ್ರಿ,

ಮೂರು ಸಲ ಬರೆದು ಹರಿದೆ. ಅದಕ್ಕೇ ಹೋದ ಮಂಗಳವಾರ ನಿನಗೆ ಪತ್ರ ಬರಲಿಲ್ಲ.

ಜುಲೈ ಎಂಟು, ಸೋಮವಾರ, ಬೆಳಿಗ್ಗೆ ಒಂಬತ್ತೂವರೆಗೆ ಒಂದು ಮೀಟಿಂಗ್ ಎಂದು ಕರೆದರು. ಹನ್ನೆರಡು ನಿಮಿಷ. ಹದಿಮೂರು ವರ್ಷದ ಕೆಲಸ ಹನ್ನೆರಡು ನಿಮಿಷದಲ್ಲಿ ಮುಗಿಯಿತು. ನಮ್ಮ ಟೀಮಿನ ಒಂಬತ್ತು ಜನಕ್ಕೂ ಹಾಗೇ ಆಯಿತು. ನನ್ನ ಕೆಲಸದಲ್ಲಿ ಯಾವ ಕೊರತೆಯೂ ಇರಲಿಲ್ಲ, ಅದನ್ನು ಅವರೇ ಹೇಳಿದರು, ನನಗೂ ಗೊತ್ತಿದೆ. ನಿನಗೆ ಆಟದ ನಿಯಮ ಬರೆದದ್ದು ಅದರ ಮರುದಿನ. ಆವತ್ತು ನನಗೆ ಸರಿಯಾಗಿ ಗೊತ್ತಿದೆ ಎನ್ನಿಸಿದ್ದು ಅದೊಂದೇ. ನೋಡು, ಅದರಲ್ಲೂ ಒಂದು ಬಿಟ್ಟಿದ್ದೆ.

ನಿಮ್ಮಪ್ಪನಿಗೆ ಕೆಲಸ ಹೋದ ದಿನವೇ ಸಂಜೆ ಹೇಳಿದೆ. ಅವರು ಎದ್ದು ಅನ್ನ ಮಾಡಿ ಸಾರು ಬಿಸಿ ಮಾಡಿದರು. ಅವರು ಬೆಳಿಗ್ಗೆ ಡೆನ್ನಿ ಟ್ರಯಾಂಗಲ್‌ಗೆ ಕೆಲಸಕ್ಕೆಂದು ಬಸ್ ಹತ್ತಿದ ಮೇಲೆ ಮನೆಯಲ್ಲಿ ಕೂಡಲು ಆಗುತ್ತಿರಲಿಲ್ಲ. ಲೈಬ್ರರಿಗೆ ಹೋಗುತ್ತಿದ್ದೆ. ಶಾಮಣ್ಣನವರು ಕೇಳಿದಾಗ ರಜೆ ಎಂದೆ. ಅವರು ನಂಬಿದರೋ ಇಲ್ಲವೋ, ಮತ್ತೆ ಕೇಳಲಿಲ್ಲ.

ನಿನಗೆ ಏಕೆ ಹೇಳಲಿಲ್ಲ ಎಂದು ನಿನಗೇ ಗೊತ್ತು. ಕಂಪ್ಯೂಟರ್ ಸೈನ್ಸ್ ಮುಗಿಸಿ, ಓವರ್‌ಲೇಕ್‌ನಲ್ಲಿ ಕೈಗೆ ಬಂದಿದ್ದ ಕೆಲಸ ಬಿಟ್ಟು ನೀನು ಬೆಟ್ಟಕ್ಕೆ ಹೋಗುತ್ತೇನೆ ಎಂದಾಗ ನಾನು ಅಡಿಗೆಮನೆಯಲ್ಲಿ ನಿಂತು ಏನಂದೆ? “ಬೆಟ್ಟದ ಮ್ಯಾಲೆ ಕುಂತು ಹೊಗಿ ನೋಡೂದು ಯಾವ ಕೆಲಸ? ನಾಳೆ ಯಾರರೆ ಕೇಳಿದರ ನಾ ಏನಂತ ಹೇಳ್ಲಿ?” ಅಷ್ಟು ಗಟ್ಟಿಯಾಗಿ ಹೇಳಿದವಳು, ನೀನು ಹೋಗಿ ಹದಿನೈದು ದಿನ ಕಳೆಯುವುದರೊಳಗೆ ‘ನನ್ನ ಕೆಲಸ ಹೋಯಿತು’ ಎಂದು ಹೇಗೆ ಬರೆಯಲಿ? ಹಾಲಿನ ಮಾತೂ ಸುಳ್ಳು. ನೀನು ಹೊರಟಾಗ ಒಲೆಯ ಮುಂದೆ ಸುಮ್ಮನೆ ನಿಂತಿದ್ದೆ.

ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ಸಿಗುತ್ತದೆ. ಅದರ ಬಗ್ಗೆ ನನಗೆ ಚಿಂತೆ ಇಲ್ಲ.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಶನಿವಾರ ನಾನೇ ತರುತ್ತೇನೆ. ಗಾಳಿ ತಿರುಗಿ ಹೊಗೆ ತೆಳುವಾಗಿದೆ, ದಾರಿ ತೆರೆದಿದೆ ಎಂದು ಕೆಳಗಿನ ಅರಣ್ಯ ಆಫೀಸಿನವರು ಫೋನಿನಲ್ಲಿ ಹೇಳಿದರು. ಐದು ಮೈಲಿ ಏರು. ನಾನು ಹತ್ತಬಲ್ಲೆ.

ಅವ್ವ


ಸೆಪ್ಟೆಂಬರ್ 12, ಗುರುವಾರ
ಬೆಟ್ಟದ ಮೇಲಿನಿಂದ

ಅಪ್ಪಾ,

ಅವ್ವನಿಗೆ ರೆಡ್‌ಮಂಡ್‌ನಲ್ಲಿ ಕೆಲಸ ಸಿಕ್ಕಿದ್ದು ಮೊನ್ನೆ ಬಂದ ನಿಮ್ಮ ಪತ್ರದಿಂದ ತಿಳಿಯಿತು. ಓದಿ ಕುಣಿದೆ, ಇಲ್ಲಿ ನೋಡುವವರು ಯಾರೂ ಇಲ್ಲ. ‘ಬೆಟ್ಟದ ಮೇಲೆ ಏನಾಯಿತು ಎಂದು ಕೇಳಿದರೆ ಮೊಣಕಾಲು ನೋವು ಎಂದಷ್ಟೇ ಹೇಳುತ್ತಾಳೆ, ನೀನಾದರೂ ಬರೆ’ ಎಂದು ಕೇಳಿದ್ದೀರಿ. ಬರೆಯುತ್ತೇನೆ.

ನೀವು ಕಾರಿನಲ್ಲಿ ಬಿಟ್ಟು ಹೋದ ಮೇಲೆ ಅವಳು ಆರು ತಾಸು ನಡೆದಳು. ಕೊನೆಯ ತಿರುವಿನಲ್ಲಿ ದುರ್ಬೀನಿನಲ್ಲಿ ಕಂಡಳು. ಹತ್ತು ಹೆಜ್ಜೆ ಇಡುವುದು, ನಿಲ್ಲುವುದು, ಮತ್ತೆ ಹತ್ತು ಹೆಜ್ಜೆ. ಓಡಿ ಹೋಗಿ ಚೀಲ ತೆಗೆದುಕೊಳ್ಳಬೇಕು ಎನ್ನಿಸಿತು. ನನ್ನ ಜಾಗ ಬಿಟ್ಟು ಹೋಗುವ ಹಾಗಿರಲಿಲ್ಲ. ಬಂದವಳು ಮೆಟ್ಟಿಲ ಮೇಲೆ ಕುಳಿತು ನೀರು ಕುಡಿದಳು, ಒಳಗೆ ಬಂದು ಚೀಲದಿಂದ ಪತ್ರ ತೆಗೆದು ಕೊಟ್ಟಳು. “ಓದು” ಎಂದಳು. ನಾನು ಓದುವಷ್ಟು ಹೊತ್ತೂ ಬೆನ್ನು ತಿರುಗಿಸಿ ಗಾಜಿನಾಚೆ ನೋಡುತ್ತಿದ್ದಳು. ಓದಿ ಮುಗಿಸಿ, ಅವಳ ಪಕ್ಕಕ್ಕೆ ಹೋಗಿ ನಿಂತೆ. ಆಮೇಲೆ ಅವಳು, “ಇಷ್ಟೆಲ್ಲಾ ನೀ ಒಬ್ಬಾಕೀನ ನೋಡ್ತೀಯೇನು?” ಎಂದಳು. ಹೌದು ಎಂದೆ.

ಮರುದಿನ ಬೆಳಿಗ್ಗೆ ಆಟ ಹಾಕಿದಳು. ಶಾಮಣ್ಣನವರ ಹಾಗೆ ಕಲೆಸುತ್ತಾಳೆ, ಎಲೆಗಳು ಮಳೆ ಬಂದ ಹಾಗೆ ಸದ್ದು ಮಾಡುತ್ತವೆ. ಒಂದೇ ಆಟವನ್ನು ಇಬ್ಬರೂ ಸೇರಿ ಆಡಿದೆವು. ನಡುವೆ ಹದಿನೈದು ನಿಮಿಷಕ್ಕೊಮ್ಮೆ ನಾನು ಏಳುತ್ತಿದ್ದೆ. ಎರಡು ಸಲ ಸುಮ್ಮನಿದ್ದಳು. ಮೂರನೆಯ ಸಲ, “ಕೂಡು, ಈ ರಾಣಿ ಎಲ್ಲಿಡ್ಲಿ ಹೇಳಿ ಏಳು” ಎಂದಳು.

“ಬಂದು ಹೇಳ್ತೀನಿ” ಎಂದು ಎದ್ದೆ.

ಆಗಲೇ ಕಂಡಿದ್ದು. ಪೂರ್ವಕ್ಕೆ, ಕೆರೆಯ ದಂಡೆಯ ಮೇಲೆ, ಹೊಗೆ. ಮೊದಲಿನ ಹಾಗೆ ಎಳೆಯಲ್ಲ, ಕಂದು ಬಣ್ಣದ್ದು, ದಪ್ಪ. ದಿಕ್ಕು ಅಳೆದೆ, ನಕ್ಷೆ ನೋಡಿದೆ, ರೇಡಿಯೋ ಎತ್ತಿದೆ. ಅವರು ಇನ್ನೊಂದು ಸಲ ಹೇಳಿ ಎಂದರು, ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದೆ. ಕೆರೆಯ ಆಚೆ ಜನ ಡೇರೆ ಹಾಕಿದ್ದಾರೆ, ಗಾಳಿ ಅವರ ಕಡೆಗಿದೆ ಎಂದೂ ಹೇಳಿದೆ. ಅವ್ವ ಒಂದು ಎಲೆ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

“ಅಲ್ಲೆ ಸಣ್ಣ ಹುಡುಗರು ಅದಾವೇನು?”

“ನಿನ್ನೆ ಸಂಜಿಗೆ ಎರಡು ಕುಟುಂಬ ಹೋಗೋದು ನೋಡಿದ್ದೆ. ನಾಕು ಮಕ್ಕಳಿದ್ವು.”

ಅಷ್ಟೇ. ನಾನು ದುರ್ಬೀನು ಇಳಿಸದೆ ನಿಂತಿದ್ದಾಗ ಅವ್ವ ಬಂದು ನೀರಿನ ಲೋಟ ಕೈಗಿಟ್ಟಳು, ಮತ್ತೆ ಹಿಂದಕ್ಕೆ ಹೋಗಿ ನಿಂತಳು. ನಲವತ್ತು ನಿಮಿಷಕ್ಕೆ ಹೆಲಿಕಾಪ್ಟರ್ ಬಂತು. ಡೇರೆಯವರನ್ನೆಲ್ಲ ಇನ್ನೊಂದು ದಾರಿಯಿಂದ ಕರೆದೊಯ್ದರು, ನಾಲ್ಕು ಮಕ್ಕಳನ್ನೂ. ಬೆಂಕಿ ದಂಡೆಯ ಹುಲ್ಲು, ಹತ್ತಿಪ್ಪತ್ತು ಮರ ಸುಟ್ಟು ಮಧ್ಯಾಹ್ನದ ಹೊತ್ತಿಗೆ ತಣ್ಣಗಾಯಿತು. ರೇಡಿಯೋದಲ್ಲಿ ನನ್ನ ಹೆಸರು ಹೇಳಿ, ಒಳ್ಳೆಯ ಕೆಲಸ ಎಂದರು. ಅವ್ವ ಕೇಳಿಸಿಕೊಂಡಳು. ನನ್ನ ಕಡೆ ನೋಡಲಿಲ್ಲ, ಅವಲಕ್ಕಿ ಹಚ್ಚಿದಳು. ಆಟ ಅರ್ಧಕ್ಕೇ ನಿಂತಿತ್ತು. ತಿಂದ ಮೇಲೆ ಕುಳಿತು ಆಡಿದೆವು, ಸೋತೆವು.

ನೀವು ಕೆಳಗೆ ಕಾಯುತ್ತಿದ್ದಿರಲ್ಲ, ಅವಳು ಎರಡು ಗಂಟೆಗೆ ಹೊರಟಳು. ಚೀಲ ಕಟ್ಟಿಕೊಂಡು ಮೆಟ್ಟಿಲಿಳಿಯುವಾಗ ಬೆಟ್ಟ ಹತ್ತಿ ಬಂದಿದ್ದ ಗಂಡ ಹೆಂಡತಿ ಎದುರಾದರು, ವಯಸ್ಸಾದವರು. ಆ ಹೆಂಗಸು ಅವ್ವನನ್ನು ನೋಡಿ, ಇಲ್ಲಿ ಕೆಲಸ ಮಾಡುವವರು ನೀವೇನಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅವ್ವ ಅಲ್ಲೇ ನಿಂತಳು. “ಅಲ್ಲ, ಕೆಲಸ ಇವಳದು. ಬೆಂಕಿ ಎಲ್ಲಿದೆ ಅಂತ ಇವಳು ಹೇಳಿದ ಮೇಲೇನೇ ಉಳಿದವರಿಗೆ ಗೊತ್ತಾಗುವುದು. ನನಗೆ ಹೋದ ತಿಂಗಳು ಕೆಲಸ ಹೋಯಿತು, ಬಿಡುವಿತ್ತು, ಮಗಳನ್ನು ನೋಡಲು ಬಂದೆ” ಎಂದಳು. ಅವಳ ಇಂಗ್ಲಿಷು ಒಂದು ಕಡೆಯೂ ತಡವರಿಸಲಿಲ್ಲ. ಅಪರಿಚಿತರ ಮುಂದೆ, ಗಟ್ಟಿಯಾಗಿ, ಹವೆ ಹೇಗಿದೆ ಎಂದು ಹೇಳಿದ ಹಾಗೆ ಹೇಳಿದಳು. ಆ ಹೆಂಗಸು ನನ್ನ ಕಡೆ ತಿರುಗಿ ಏನೇನೋ ಕೇಳಿದಳು. ನಾನು ಏನು ಹೇಳಿದೆನೋ ನೆನಪಿಲ್ಲ ಅಪ್ಪಾ, ನಾನು ಅವ್ವನನ್ನೇ ನೋಡುತ್ತಿದ್ದೆ. ಅವಳು ಚೀಲದ ಪಟ್ಟಿ ಬಿಗಿ ಮಾಡಿಕೊಂಡು, “ಬರ್ತೀನವಾ, ನಿನ್ನ ಹೊತ್ತಾತು, ನೋಡಹೋಗು” ಎಂದು ಇಳಿದುಹೋದಳು.

ನಿಮ್ಮ,
ಮೈತ್ರಿ